ಪಾಲಿನ ಲಾರಿ

ಗೊಲ್ಲರಹಟ್ಟಿ, ಹುಳಿಯಾರು ಅಂಚೆ
12 ಜನವರಿ 1998

ಚಿತ್ತೇಶನಿಗೆ,

ನಿನ್ನ ಅಜ್ಜಿ ಕ್ಯಾತಮ್ಮ ಬದುಕಿದ್ದಾಳೆ. ನಿನ್ನ ಹೆಂಡತಿ ವನಜಾ ಎರಡು ಹೊತ್ತು ಉಂಡು ಮೂರು ಹೊತ್ತು ವಾಂತಿ ಮಾಡುತ್ತಾಳೆ. ಮೂರನೇ ತಿಂಗಳು, ಹಾಗೇ ಇರುತ್ತದೆ. ನೀನು ಹುಬ್ಬಳ್ಳಿಯಲ್ಲಿ ಕೂತು ಹೆದರಬೇಡ. ಹೆದರುವ ಕೆಲಸ ನನಗಿರಲಿ.

ನಿನ್ನೆ ಕೆಂಪಕ್ಕನ ಮಗ ರಂಗನಾಥ ತಿಪಟೂರಿನಿಂದ ಬಂದವನು ಜಗಲಿ ಮೇಲೆ ಕೂತು ನನ್ನ ಕಾಫಿ ಕುಡಿಯುತ್ತಾ ನನಗೇ ಸುದ್ದಿ ಹೇಳಿದ. "ಅಜ್ಜಿ, ನಿನ್ ಮೊಮ್ಮಗ ಇನ್ಮ್ಯಾಕೆ ಓನರ್ ಕಣಜ್ಜಿ. ಕೊಬ್ರಿ ಮಂಡಿ ಶಂಭುಲಿಂಗಯ್ಯನ ಲಾರೀನ ಲೀಸಿಗೆ ತಗಂತಾನಂತೆ. ಕಂಪ್ನಿ ಬುಡ್ತಾನಂತೆ." ಆರು ವರ್ಷ ಅನ್ನ ಹಾಕಿದ ಲಾರಿ ಕಂಪನಿ ಬಿಡುವುದು ಹಟ್ಟಿಗೆಲ್ಲ ಗೊತ್ತು, ಸಾಕಿದವಳಿಗೆ ಗೊತ್ತಿಲ್ಲ. ಬಹಳ ಸಂತೋಷ.

ಲೀಸು ಅಂದರೇನು ಅಂತ ಅವನನ್ನೇ ಕೇಳಿದೆ. ಲಾರಿ ಅವರದು, ದುಡಿಮೆ ನಮ್ಮದು, ತಿಂಗಳಿಗೆ ಇಷ್ಟು ಅಂತ ಅವರಿಗೆ ಕೊಟ್ಟು ಮಿಕ್ಕಿದ್ದು ನಮಗೆ ಅಂದ. ಇಷ್ಟಕ್ಕೆ ಇಂಗ್ಲಿಷು ಯಾಕೆ ಬೇಕಿತ್ತು? ಇದು ನಮ್ಮ ಪಾಲಿನ ಕುರಿ. ಸಾಹುಕಾರ ಇಪ್ಪತ್ತು ಕುರಿ ಕೊಡುತ್ತಾನೆ, ನಾವು ಮೇಯಿಸುತ್ತೇವೆ, ಹುಟ್ಟಿದ ಮರಿಯಲ್ಲಿ ಅರ್ಧ ಅವನಿಗೆ ಅರ್ಧ ನಮಗೆ. ರೋಗ ಬಂದು ಕುರಿ ಸತ್ತರೆ ಅವನ ಗುರುತು ಹಾಕಿದ ಕಿವಿಯನ್ನು ಕೊಯ್ದು ತಂದು ಅವನ ಮುಂದೆ ಇಡಬೇಕು. ಕಿವಿ ನೋಡಿದ ಮೇಲೆ ಅವನು ತುಟಿ ಬಿಚ್ಚುವ ಹಾಗಿಲ್ಲ, ನಷ್ಟ ಅವನದೇ. ಆದರೆ ಕಾಯುವವನು ಮಲಗಿದ್ದಾಗ ತೋಳ ಹೊತ್ತುಕೊಂಡು ಹೋದರೆ ಅದು ಕಾಯುವವನ ತಲೆಗೆ.

ಆ ಒಂದು ಕಟ್ಟಳೆಗೆ ಹೆದರಿ ನಿಮ್ಮ ತಾತ ಹನ್ನೆರಡು ವರ್ಷ ನೆಟ್ಟಗೆ ಮಲಗಲಿಲ್ಲ. ಕೋಲಿಗೆ ಗದ್ದ ಊರಿ ನಿಂತೇ ತೂಕಡಿಸುತ್ತಿದ್ದ. ಕುರಿಯೆಲ್ಲಾ ವಾಪಸು ಕೊಟ್ಟು ಕೈ ತೊಳೆದುಕೊಂಡ ಮೇಲೂ ಎದ್ದು ಹೋಗಿ ಕುರಿ ಕೂಡುವ ಖಾಲಿ ರೊಪ್ಪದಲ್ಲಿ ನಿಂತು ಎಣಿಸುತ್ತಿದ್ದ. ನಿದ್ದೆಯನ್ನು ಒಂದು ಸಲ ಅಟ್ಟಿಬಿಟ್ಟರೆ ಅದು ಕರೆದಾಗ ಬರುವುದಿಲ್ಲ ಕಣಪ್ಪ. ಕುರಿ ಹಿಂದೆ ತೂಕಡಿಸಿದವನು ಮುಗ್ಗರಿಸಿ ಮಣ್ಣಿಗೆ ಬೀಳುತ್ತಾನೆ. ಲಾರಿಯಲ್ಲಿ ತೂಕಡಿಸಿದವನು ಎಲ್ಲಿಗೆ ಬೀಳುತ್ತಾನೆ?

ಕಂಪನಿಯ ಲಾರಿಯಲ್ಲಿ ಇಬ್ಬರು ಡ್ರೈವರು, ಒಬ್ಬ ಓಡಿಸಿದರೆ ಒಬ್ಬ ಹಿಂದಿನ ಹಲಗೆ ಮೇಲೆ ಮಲಗುತ್ತಾನೆ ಅಂತ ನೀನೇ ಹೇಳಿದ್ದೆ. ಆಳು ಅಂದರೆ ಅವಮಾನ ಅಂತ ನಿನಗೆ ಯಾರೋ ಕಿವಿ ಊದಿದ್ದಾರೆ. ಆಳಿಗೆ ಒಂದು ಸುಖ ಇದೆ ಮಗ. ಅವನು ಕಣ್ಣು ಮುಚ್ಚಿದರೆ ಯಾರ ಗಂಟೂ ಹೋಗುವುದಿಲ್ಲ.

ಹೌದೋ ಅಲ್ಲವೋ ಬರಿ. ಸುತ್ತಿ ಬಳಸಿ ಬರೆಯಬೇಡ.

ಉತ್ತರಕ್ಕೆ ಕಾದಿರುವ,
ಕ್ಯಾತಮ್ಮ


ಹುಬ್ಬಳ್ಳಿ
25 ಜನವರಿ 1998

ಅಜ್ಜಿಗೆ ಚಿತ್ತೇಶ ಮಾಡುವ ನಮಸ್ಕಾರ.

ಹೌದು. ನೀನು ಹೆದರುತ್ತೀಯ ಅಂತಲೇ ಹೇಳಿರಲಿಲ್ಲ.

ಹೋದ ವರ್ಷ ವನಜಾಳಿಗೆ ಗರ್ಭ ನಿಲ್ಲದೆ ಹೋಯಿತಲ್ಲ, ಅವತ್ತು ಮೂರು ದಿನ ರಜೆ ಕೇಳಿದ್ದೆ. ಮ್ಯಾನೇಜರು ಹತ್ತು ಡ್ರೈವರುಗಳ ಎದುರಿಗೆ, "ಗಾಡಿ ಲೋಡ್ ಆಗೇತಿ. ನೀ ಹೋಗಿ ಏನ್ ಹಡೀತೀಯೇನಲೇ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಜ್ಜಿ. ಅದನ್ನು ನಿನಗೆ ಹೇಳಿರಲಿಲ್ಲ, ವನಜಾಳಿಗೂ ಹೇಳಿಲ್ಲ. ನಕ್ಕು ಗಾಡಿ ಹತ್ತಿದೆ.

ಈ ಸಲ ಹೆರಿಗೆಗೆ ನಾನು ಹಟ್ಟಿಯಲ್ಲಿ ಇರಬೇಕು. ಲೀಸಿನ ಗಾಡಿಯಾದರೆ ಹೋಗುವುದೂ ನಿಲ್ಲಿಸುವುದೂ ನನ್ನ ಇಷ್ಟ. ಕೇಳುವವರಿಲ್ಲ. ಮೂರು ವರ್ಷ ನಡೆಸಿದರೆ ಲಾರಿ ನನ್ನ ಹೆಸರಿಗೇ ಆಗುತ್ತದೆ ಅಂತ ಶಂಭುಲಿಂಗಯ್ಯ ಹೇಳಿದ್ದಾರೆ. ಆರು ವರ್ಷ ಉಳಿಸಿದ್ದನ್ನು ಅಡ್ವಾನ್ಸು ಕೊಟ್ಟಿದ್ದೇನೆ. ನೀನೇ ಬರೆದಿದ್ದೀಯಲ್ಲ, ಪಾಲಿನ ಕುರಿಯ ಹಾಗೇ ಅಂತ. ನನಗೂ ಹಾಗೇ ಅನ್ನಿಸಿತು. ತಾತ ಮಾಡಿದ್ದನ್ನೇ ಮಾಡುತ್ತಿದ್ದೇನೆ, ನಾಲ್ಕು ಕಾಲಿನ ಬದಲು ಆರು ಚಕ್ರ.

ವನಜಾಳಿಗೆ ಒಣದ್ರಾಕ್ಷಿ ಕಳಿಸಿದ್ದೇನೆ. ನೀನೇ ತಿಂದುಬಿಡಬೇಡ.

ಇಂತಿ ನಿನ್ನ,
ಚಿತ್ತೇಶ


ಗೊಲ್ಲರಹಟ್ಟಿ
8 ಫೆಬ್ರವರಿ 1998

ಚಿತ್ತೇಶನಿಗೆ,

ಒಣದ್ರಾಕ್ಷಿಯಲ್ಲಿ ಅರ್ಧ ನಾನೇ ತಿಂದೆ. ಮ್ಯಾನೇಜರು ಆಡಿದ ಮಾತು ಓದಿ ಹೊಟ್ಟೆ ಉರಿಯಿತು, ಅದಕ್ಕೆ ಏನಾದರೂ ಹಾಕಬೇಕಿತ್ತು.

ನಿನ್ನೆ ಶನಿವಾರ, ತಿಪಟೂರಿನಲ್ಲಿ ಕೊಬ್ಬರಿ ಹರಾಜು. ಅಟ್ಟದಲ್ಲಿದ್ದ ಒಂದು ಮೂಟೆ ಕೊಬ್ಬರಿಯ ನೆಪ ಮಾಡಿಕೊಂಡು ರಂಗನಾಥನ ಜೊತೆ ಬಸ್ಸು ಹತ್ತಿದೆ. ನೇರವಾಗಿ ಶಂಭುಲಿಂಗಯ್ಯನ ಮಂಡಿಗೆ ಹೋದೆ. ಹಣೆ ತುಂಬಾ ವಿಭೂತಿ, ಮಡಿಕೆ ಮುರಿಯದ ಪಂಚೆ. ಕೆಟ್ಟವನ ಹಾಗೆ ಕಾಣಲಿಲ್ಲ, ಅದನ್ನು ಹೇಳಬೇಕು. "ಬಾರಮ್ಮ, ಕೂತ್ಕ. ಚಿತ್ತೇಶನ ಅಜ್ಜೀನಾ? ಒಳ್ಳೆ ಕೈ ಕಣಮ್ಮ ನಿಮ್ಮೋನ್ದು" ಅಂತ ಮಜ್ಜಿಗೆ ಕೊಡಿಸಿದ. ಮಜ್ಜಿಗೆ ಕುಡಿದೇ ಕೇಳಿದೆ.

"ಸ್ವಾಮಿ, ಬೈಕಬ್ಯಾಡಿ. ಪಾಲಿನ ಕುರಿ ಸತ್ರೆ ನಾವು ಕಿವಿ ತಂದು ತೋರುಸ್ತೀವಿ. ನಿಮ್ ಲಾರಿ ಸತ್ರೆ ನನ್ ಮೊಮ್ಮಗ ಏನ್ ಕೊಯ್ಕಂಡ್ ಬರಬೇಕು?"

ಇಡೀ ಮಂಡಿ ಗೊಳ್ಳೆಂದಿತು. ಕೊಬ್ಬರಿ ಆರಿಸುವ ಹೆಂಗಸರು, ಹಮಾಲಿಗಳು, ಲೆಕ್ಕ ಬರೆಯುವವನು, ಎಲ್ಲರೂ. ಶಂಭುಲಿಂಗಯ್ಯ ಕಣ್ಣು ಒರೆಸಿಕೊಂಡು, "ಆಗ್ಲಿ ಕಣಜ್ಜಿ. ಅದರದ್ದೂ ಒಂದ್ ಕಿವಿ ಕಿತ್ಕಂಡ್ ಬಂದು ಇಲ್ಲಿ ಮಡಗ್ಲಿ. ನಾನ್ ಒಪ್ಕಂತೀನಿ. ಸಾಕಾ?" ಅಂದ.

"ಹತ್ ಜನ ಕೇಳವ್ರೆ ಸ್ವಾಮಿ."

"ಕೇಳ್ಲಿ ಬುಡು."

ಹತ್ತು ಜನರ ಎದುರು ಆಡಿದ ಮಾತು. ಅದೊಂದು ವಿಷಯದಲ್ಲಿ ಎದೆ ಸ್ವಲ್ಪ ತಣ್ಣಗಾಯಿತು, ನೀನೂ ನೆನಪಿಟ್ಟುಕೋ. ಏನಾದರೂ ಆದರೆ ತಡಮಾಡಬೇಡ, ಕಿವಿ ತಂದು ಇಡು.

ಆದರೆ ನನ್ನ ಹೆದರಿಕೆ ಅದಲ್ಲ ಅಂತ ನಿನಗೂ ಗೊತ್ತು. ಹಿಂದಿನ ಅಂಗಳದಲ್ಲಿ ಲಾರಿ ನಿಂತಿತ್ತು, ಹತ್ತಿಸು ಅಂತ ರಂಗನಾಥನಿಗೆ ಗಂಟುಬಿದ್ದು ಹತ್ತಿ ಕೂತು ನೋಡಿದೆ. ಓಡಿಸುವವನು ಕೂರುವ ಸೀಟಿನ ಮೇಲೆ, ಬಲಗಡೆ, ಜೋಳದ ಕಾಳಿನಷ್ಟು ದಪ್ಪ ಸುಟ್ಟ ತೂತುಗಳು. ಒಂದೆರಡಲ್ಲ. ಸಿಡುಬು ಎದ್ದ ಮುಖದ ಹಾಗೆ. ಏನಿದು ಅಂದರೆ ರಂಗನಾಥ, "ಬೀಡಿ ಕಿಡಿ ಇರ್ಬೋದು ಬುಡಜ್ಜಿ" ಅಂದ. ಬೀಡಿ ಸೇದುವವನ ಕಿಡಿ ಅಷ್ಟೊಂದು ಬೀಳುತ್ತದೆಯೇ?

ಇಳಿದು ಬರುವಾಗ ಕೊಬ್ಬರಿ ಆರಿಸುವ ನಿಂಗಮ್ಮ ನನ್ನ ಸೆರಗು ಹಿಡಿದಳು. "ಹಿಂದೆ ಇದನ್ನ ಲೀಸಿಗೆ ಓಡ್ಸ್ತಿದ್ದೋನ್ನ ಒಂದ್ ಮಾತು ಕೇಳಜ್ಜಿ. ಬಿಳಿಗೆರೆ ಎತ್ತಪ್ಪ ಅಂತ. ನಾನ್ ಹೇಳ್ದೆ ಅನ್ನಬ್ಯಾಡ." ಅಷ್ಟು ಹೇಳಿ ತಿರುಗಿ ಕೂತುಬಿಟ್ಟಳು.

ನಾನು ಬಿಳಿಗೆರೆಗೆ ಹೋಗಿ ಬರುವ ತನಕ ಸಹಿ ಹಾಕಬೇಡ. ಮೊಣಕಾಲು ಊದಿದೆ, ಎರಡು ವಾರ ಬೇಕು.

ನಿನ್ನ ಮೇಲೆ ಕೋಪ ಇರುವ,
ಅಜ್ಜಿ


ಪುಣೆ
10 ಮಾರ್ಚ್ 1998

ಅಜ್ಜಿ,

ಹೊರಡುವ ಸಂಜೆ ಮನೆಗೆ ಬಂದಾಗ ನೀನು ಮುಖ ಕೊಟ್ಟು ಮಾತಾಡಲಿಲ್ಲ. ಮುದ್ದೆ ಮಾತ್ರ ದೊಡ್ಡದು ಇಟ್ಟೆ. ಸಹಿ ಆಗಿಹೋಗಿದೆ ಅಂತ ಗೊತ್ತಾದ ಮೇಲೆ ಬೈದಿದ್ದರೂ ಚೆನ್ನಾಗಿತ್ತು.

ಅಗ್ರಿಮೆಂಟು ಮೂರು ಹಾಳೆ, ಇಂಗ್ಲಿಷಿನಲ್ಲಿದೆ. ಗುಮಾಸ್ತ ಓದಿ ಹೇಳಿದ. ಕಿವಿಯ ವಿಷಯ ಅದರಲ್ಲಿಲ್ಲ. ಕೇಳಿದ್ದಕ್ಕೆ ಶಂಭುಲಿಂಗಯ್ಯ, "ನಿಮ್ಮಜ್ಜಿಗೆ ಹೇಳಿದೀನಲ್ಲಪ್ಪ" ಅಂತ ನಕ್ಕರು.

ಗಾಡಿ ಚೆನ್ನಾಗಿದೆ. ಸೀಟಿಗೆ ಹೊಸ ಹೊದಿಕೆ ಹಾಕಿಸಿದೆ. ಹಿಂದೆ ಏನು ಬರೆಯಲಿ ಅಂತ ಪೇಂಟರು ಕೇಳಿದ. "ಕ್ಯಾತಮ್ಮನ ಆಶೀರ್ವಾದ" ಅಂತ ಕೆಂಪಕ್ಷರದಲ್ಲಿ ಬರೆಸಿದ್ದೇನೆ. ಪುಣೆಯವರಿಗೆ ಓದಲು ಬರುವುದಿಲ್ಲ, ದೇವರ ಹೆಸರು ಅಂತ ಕೈ ಮುಗಿಯುತ್ತಾರೆ.

ಕಂಪನಿಯಲ್ಲಿ ತಿಂಗಳಿಗೆ ಎರಡು ಸಲ ಡೆಲ್ಲಿ. ಇಲ್ಲಿ ಎರಡು ಸಲದ್ದು ಯಜಮಾನರಿಗೂ ಡೀಸೆಲ್ಲಿಗೂ ಹೋಗುತ್ತದೆ. ಮೂರನೇ ಸಲದ್ದು ನನ್ನದು. ಇನ್ನೊಬ್ಬ ಡ್ರೈವರನ್ನು ಇಟ್ಟುಕೊಂಡರೆ ಆ ಮೂರನೆಯದು ಅವನಿಗೆ ಹೋಗುತ್ತದೆ. ಅದಕ್ಕೆ ಸದ್ಯಕ್ಕೆ ಒಬ್ಬನೇ. ಅಭ್ಯಾಸ ಆಗುತ್ತದೆ.

ಕಾಗದವನ್ನು ಪುಣೆಯ ಬುಕಿಂಗ್ ಆಫೀಸಿಗೆ ಹಾಕು, ಹೋಗುವಾಗ ಬರುವಾಗ ನೋಡುತ್ತೇನೆ. ಬಿಳಿಗೆರೆಗೆ ಹೋಗಬೇಡ. ಮಂಡಿಯಲ್ಲಿ ಆಗಲೇ ನನ್ನನ್ನು ಕಿವಿ ಚಿತ್ತೇಶ ಅನ್ನುತ್ತಿದ್ದಾರೆ.

ಸ್ವಂತ ದುಡಿಮೆಯ,
ಚಿತ್ತೇಶ


ಗೊಲ್ಲರಹಟ್ಟಿ
30 ಮಾರ್ಚ್ 1998

ಚಿತ್ತೇಶನಿಗೆ,

ಮೊದಲು ನನ್ನ ಹೆಸರು ಅಳಿಸು. ನಿನ್ನ ಲಾರಿ ದಾರಿಯಲ್ಲಿ ಯಾರದೋ ಕೋಳಿ ತುಳಿದರೆ ಆ ಕೋಳಿಯವಳು ನನ್ನ ಹೆಸರು ಓದಿ ಶಾಪ ಹಾಕಬೇಕೇ?

ಬಿಳಿಗೆರೆಗೆ ಹೋಗಿದ್ದೆ. ಹೋಗಬೇಡ ಅಂದೆಯಲ್ಲ, ಅದಕ್ಕೇ ಬೇಗ ಹೋದೆ. ಎತ್ತಪ್ಪ ನಾರಿನ ಕಾರ್ಖಾನೆಯಲ್ಲಿ ತೆಂಗಿನ ಸಿಪ್ಪೆ ಹೊರುತ್ತಿದ್ದಾನೆ. ನಿನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನಿರಬಹುದು, ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ತೆಂಗಿನ ಮರದ ನೆರಳಿಗೆ ಕೂರಿಸಿ ಅವನು ನಿಂತೇ ಮಾತಾಡಿದ. ಲಾರಿಯ ವಿಷಯ ಎತ್ತಿದ್ದೇ ಬಲಗೈಯನ್ನು ಟವಲ್ಲಿನಲ್ಲಿ ಸುತ್ತಿಕೊಂಡ. ತೋರಿಸಪ್ಪ ಅಂದೆ. ಬಹಳ ಹೊತ್ತಿಗೆ ತೋರಿಸಿದ.

ತೋರುಬೆರಳು, ನಡುಬೆರಳು. ಒಳಮಗ್ಗುಲಲ್ಲಿ ಚರ್ಮವೇ ಇಲ್ಲ, ಸುಟ್ಟು ಸುಟ್ಟು ಕೊಂಬಿನ ಹಾಗೆ ಗಟ್ಟಿಯಾಗಿದೆ.

"ಬೀಡಿ ಹಚ್ಕಂಡು ಸಂದೀಲಿ ಸಿಗಿಸ್ಕಂತಿದ್ದೆ ಅಜ್ಜಿ. ಸೇದಕ್ಕಲ್ಲ. ಕಣ್ಣು ಮುಚ್ಚೋಯ್ತು ಅಂದ್ರೆ ಬೆಂಕಿ ಬೆರಳಿಗೆ ಬತ್ತದೆ, ಚುರುಕ್ ಅಂತದೆ, ಎಚ್ಚರ ಆಯ್ತದೆ. ಎಲ್ಲಾ ಒಂಟಿ ಡ್ರೈವರ್‌ಗಳೂ ಮಾಡ್ತಾರೆ."

"ಬಿಟ್ಟಿದ್ ಯಾಕಪ್ಪ?"

"ಆಮ್ಯಾಕಾಮ್ಯಾಕೆ ಬೆರಳಿಗೆ ಸುಟ್ಟಿದ್ದೇ ಗೊತ್ತಾಗ್ತಿರ್ಲಿಲ್ಲ."

ಟವಲ್ಲನ್ನು ಮತ್ತೆ ಕೈಗೆ ಸುತ್ತಿಕೊಂಡ. ಆಮೇಲೆ ತಾನೇ ಹೇಳಿದ. "ಒಂದಿನ ಎಚ್ಚರ ಆಯ್ತು ಅಜ್ಜಿ. ಲಾರಿ ಓಡ್ತಾನೇ ಐತೆ. ರಸ್ತೆ ಮ್ಯಾಲೇ ಐತೆ. ನಾನ್ ದಾಟಬೇಕಾಗಿದ್ ಊರು ಹಿಂದೆ ಹೋಗ್‌ಬುಟ್ಟೈತೆ. ಸಂತೆ ಆಗೋ ಊರು ಅದು, ರಸ್ತೆ ತುಂಬಾ ಜನ ಇರ್ತಾರೆ. ಅದನ್ನ ದಾಟಿದ್ದು ನಂಗೆ ನೆಪ್ಪೇ ಇಲ್ಲ. ಯಾರ್ ಓಡ್ಸಿದ್ರು ಅಜ್ಜಿ? ನಿಲ್ಲಿಸಿ ಇಳ್ದು, ಗಾಲಿಗಳನ್ನೆಲ್ಲ ಬಗ್ಗಿ ಬಗ್ಗಿ ನೋಡ್ದೆ, ಏನಾರ ಅಂಟ್ಕಂಡೈತಾ ಅಂತ."

ಏನೂ ಇರಲಿಲ್ಲವಂತೆ. ಆದರೂ ಅಡ್ವಾನ್ಸು ಬಿಟ್ಟು ಬೀಗದ ಕೈ ಇಟ್ಟು ಬಂದುಬಿಟ್ಟನಂತೆ. ಇವತ್ತಿಗೂ ಆ ಊರಿನ ಹೆಸರು ಹೇಳುವುದಿಲ್ಲ.

ನಿನ್ನ ಮೂರನೇ ಸಲದ ಡೆಲ್ಲಿಯನ್ನು ಎಲ್ಲಿಂದ ತರುತ್ತೀಯ ಅಂತ ಈಗ ನನಗೆ ಗೊತ್ತಾಯಿತು. ತಿಂಗಳಿಗೆ ದಿನ ಮೂವತ್ತೇ. ಶಂಭುಲಿಂಗಯ್ಯ ಮೂವತ್ತೊಂದನೆಯದನ್ನು ಕೊಟ್ಟಿಲ್ಲ.

ನಿನ್ನ ಬಲಗೈ ಬೆರಳು ಹೇಗಿವೆ, ಬರಿ. ಬೇರೆ ಏನೂ ಬರೆಯದಿದ್ದರೂ ಸರಿ.

ಅಜ್ಜಿ


ಗೊಲ್ಲರಹಟ್ಟಿ
26 ಏಪ್ರಿಲ್ 1998

ಚಿತ್ತೇಶ,

ಕಾಗದ ಬರಲಿಲ್ಲ.

ಪೋಸ್ಟಿನ ಶಿವಣ್ಣ ಈಗ ನಮ್ಮ ಹಟ್ಟಿಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾನೆ, ನನ್ನ ಬಾಯಿಗೆ ಹೆದರಿ. ರೇಡಿಯೋದಲ್ಲಿ ಲಾರಿ ಅಂದರೆ ಸಾಕು, ವನಜಾ ಎದ್ದು ಹೋಗಿ ಕಿವಿ ತಿರುಪುತ್ತಾಳೆ. ಆರಿಸುವುದಕ್ಕೋ ಜೋರು ಮಾಡುವುದಕ್ಕೋ ಅವಳಿಗೇ ಗೊತ್ತಿಲ್ಲ, ಕೈ ಅಲ್ಲೇ ನಿಂತಿರುತ್ತದೆ. ನಾವಿಬ್ಬರೂ ನಿನ್ನ ವಿಷಯ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತೇವೆ. ಉಪ್ಪಿನಕಾಯಿ, ಹಸುವಿನ ಕೆಚ್ಚಲು, ಕೆಂಪಕ್ಕನ ಸೊಸೆ. ಇಷ್ಟು ಮಾತು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.

ಬದುಕಿದ್ದರೆ ಬರಿ.

ಅಜ್ಜಿ

ರೀ, ಅಜ್ಜಿ ಹೊರಗೆ ಹೋದಾಗ ಇದನ್ನು ಸೇರಿಸುತ್ತಿದ್ದೇನೆ. ಅವರು ಒಂದು ಹೊತ್ತು ಊಟ ಬಿಟ್ಟಿದ್ದಾರೆ, ಹರಕೆಯಂತೆ, ಕೇಳಿದರೆ ಅಜೀರ್ಣ ಅನ್ನುತ್ತಾರೆ. ನಿಮ್ಮ ಹೆಸರು ಲಾರಿ ಮೇಲೆ ಬರಲಿ ಅಂತ ನಾನೇ ಆಸೆ ಪಟ್ಟೆ. ಅದು ನನ್ನನ್ನು ತಿನ್ನುತ್ತಿದೆ. ಬನ್ನಿ. ವನಜಾ.


ತಿಪಟೂರು ಬಸ್ ಸ್ಟ್ಯಾಂಡು
19 ಮೇ 1998

ಅಜ್ಜಿ,

ತಿಪಟೂರಿನ ತನಕ ಬಂದು ಹಟ್ಟಿಗೆ ಬರದೆ ಹೋಗುತ್ತಿದ್ದೇನೆ. ಈ ಮುಖ ಇಟ್ಟುಕೊಂಡು ವನಜಾಳ ಎದುರು ನಿಲ್ಲಲಾರೆ. ಇದನ್ನು ಬರೆದು ಪೆಟ್ಟಿಗೆಗೆ ಹಾಕಿ ಬಸ್ಸು ಹತ್ತುತ್ತೇನೆ.

ಬೆರಳು ಕೇಳಿದ್ದೆ. ಬಲಗೈ, ಎರಡು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಡೆಲ್ಲಿಗೆ ಕೊಬ್ಬರಿ ತುಂಬಿಕೊಂಡು ಹೋಗುತ್ತಿದ್ದೆ. ಮಧ್ಯಪ್ರದೇಶದ ಸೇಂಧ್ವಾ ಹತ್ತಿರ ಎಂಜಿನ್ನು ಹಿಡಿದುಕೊಂಡು ನಿಂತೇಹೋಯಿತು. ಆಯಿಲು ಪೂರಾ ಸೋರಿಹೋಗಿತ್ತು. ಇಳಿಯುತ್ತಿದೆ ಅಂತ ಎದುರಿನ ಮೀಟರಿನ ಮುಳ್ಳು ತೋರಿಸುತ್ತಲೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ ಅಜ್ಜಿ, ಕಣ್ಣು ಬಿಟ್ಟುಕೊಂಡೇ. ನೋಡಿದ್ದು ತಲೆಗೆ ಹೋಗಲಿಲ್ಲ.

ಒಬ್ಬ ಮೆಕ್ಯಾನಿಕ್ಕು ಬಂದು ಬಿಚ್ಚಿದ. ಒಳಗಿನ ಪಿಸ್ಟನ್ನು ಕರಗಿ ಅಂಟಿಕೊಂಡಿತ್ತು, ಒಂದನ್ನು ಹೊಡೆದು ತೆಗೆದು ಕೈಗೆ ಕೊಟ್ಟ. ಅದನ್ನು ಹಿಡಿದಾಗ ನಿನ್ನ ಮಾತು ನೆನಪಾಯಿತು. ತಡಮಾಡಬೇಡ, ಕಿವಿ ತಂದು ಇಡು. ಗಾಡಿಯನ್ನು ಢಾಬಾದವನಿಗೆ ನೋಡಿಕೋ ಅಂತ ಹೇಳಿ, ಟವಲ್ಲಿನಲ್ಲಿ ಪಿಸ್ಟನ್ನು ಸುತ್ತಿಕೊಂಡು ಬಸ್ಸು, ರೈಲು, ಬಸ್ಸು. ಮೂರು ದಿನ. ಅಷ್ಟು ದೂರವೂ ಮಲಗಿಕೊಂಡು ಬಂದೆ. ತಲೆದಿಂಬಿಗೆ ಅದೇ ಇತ್ತು.

ಇವತ್ತು ಬೆಳಿಗ್ಗೆ ಮಂಡಿಗೆ ಹೋಗಿ ಶಂಭುಲಿಂಗಯ್ಯನವರ ಮುಂದೆ ಟವಲ್ಲು ಬಿಚ್ಚಿ ಇಟ್ಟೆ.

"ಏನ್ಲಾ ಇದು?"

"ಕಿವಿ ಸ್ವಾಮಿ."

ಜನ ನಕ್ಕರು. ಅವರೂ ನಗುವುದಕ್ಕೆ ಶುರುಮಾಡಿದರು. ನಗುತ್ತಲೇ, "ಲಾರಿ ಎಲ್ಲೈತೆ?" ಅಂದರು.

"ಸೇಂಧ್ವಾ ಹತ್ರ, ಢಾಬಾದಾಗೆ."

"ಲೋಡು?"

"ಅದರಾಗೇ ಐತೆ."

"ಜತೇಗೆ ಯಾರವ್ರೆ?"

"ಯಾರೂ ಇಲ್ಲ."

ನಗು ನಿಂತುಹೋಯಿತು. "ಅಯ್ಯೋ ಪಾಪಿ, ತುಂಬಿದ್ ಗಾಡೀನ ಬೀದೀಲಿ ಬುಟ್ಟು ಈ ಕಬ್ಬಿಣ ಹೊತ್ಕಂಡ್ ಬಂದ್ಯಾ? ನಾನ್ ಅವತ್ತು ಮುದುಕಿಗೆ ತಮಾಷೆಗಂದ್ರೆ…" ಗುಮಾಸ್ತನ ಕೈಲಿ ಆ ಮೂರು ಹಾಳೆ ತರಿಸಿ ಬೆರಳಿಟ್ಟು ಓದಿಸಿದರು. ರಿಪೇರಿ ನನ್ನದು. ಗಾಡಿ ಬಿಟ್ಟು ಕದಲಬಾರದು. ಸರಕಿಗೆ ನಾನೇ ಹೊಣೆ. ಅಲ್ಲಿಂದಲೇ ಎಸ್‌ಟಿಡಿ ಮಾಡಿ ಢಾಬಾದವನನ್ನು ಕೇಳಿದರು. ಒಂಬತ್ತು ಮೂಟೆ ಕಾಣುತ್ತಿಲ್ಲವಂತೆ.

ಅವರು ಬೈಯಲಿಲ್ಲ ಅಜ್ಜಿ. ಬೈದಿದ್ದರೆ ಎದುರು ಮಾತಾಡಬಹುದಿತ್ತು. "ಎರಡು ದಾರಿ ಐತೆ ಕಣಪ್ಪ" ಅಂದರು. ರಿಪೇರಿ ಅವರೇ ಮಾಡಿಸುತ್ತಾರೆ, ನಾನು ಇನ್ನೆರಡು ವರ್ಷ ಜಾಸ್ತಿ ಓಡಿಸಿ ತೀರಿಸಬೇಕು. ಇಲ್ಲವೇ ಗಾಡಿಯನ್ನು ತಂದು ಮಂಡಿಯಲ್ಲಿ ನಿಲ್ಲಿಸಿ, ರಿಪೇರಿಗೂ ಹೋದ ಮೂಟೆಗೂ ಅಡ್ವಾನ್ಸು ಬಿಟ್ಟುಕೊಟ್ಟು ಮನೆಗೆ ಹೋಗಬೇಕು. ಅವರ ಮೆಕ್ಯಾನಿಕ್ಕಿನ ಜೊತೆ ಈಗ ಸೇಂಧ್ವಾಕ್ಕೆ ಹೊರಟಿದ್ದೇನೆ. ಓಡಿಸುವುದು ಅಂತಲೇ ನನ್ನ ಮನಸ್ಸು. ಆರು ವರ್ಷದ್ದನ್ನು ಹಾಗೇ ಹೇಗೆ ಬಿಡಲಿ? ತಿಂಗಳಿಗೆ ನಾಲ್ಕು ಸಲ ಹೋದರೆ ಬೇಗ ತೀರುತ್ತದೆ.

ಏನು ಮಾಡಲಿ ಅಂತ ಕೇಳುತ್ತಿಲ್ಲ. ಆದರೂ ಬರಿ. ಢಾಬಾದ ವಿಳಾಸ ಹಿಂದೆ ಬರೆದಿದ್ದೇನೆ, ರಿಪೇರಿಗೆ ಹದಿನೈದು ದಿನ ಬೇಕು.

ಚಿತ್ತೇಶ


ಗೊಲ್ಲರಹಟ್ಟಿ
21 ಮೇ 1998

ಮಗ ಚಿತ್ತೇಶ,

ನಿನ್ನ ಕಾಗದ ಎರಡೇ ದಿನಕ್ಕೆ ಬಂತು. ವನಜಾಳ ಕೈಗೆ ಕೊಡದೆ ನಾನೇ ಓದಿಕೊಂಡೆ, ಆಮೇಲೆ ಓದಿ ಹೇಳಿದೆ, ಬೆರಳಿನ ಸಾಲನ್ನು ಹಾರಿಸಿ. ಹಾರಿಸಿದ್ದು ಅವಳಿಗೆ ಗೊತ್ತಾಯಿತು.

ತಪ್ಪು ನನ್ನದು. ಸಾಹುಕಾರ ನಕ್ಕಿದ್ದನ್ನು ನಾನು ಮಾತು ಅಂದುಕೊಂಡೆ. ಹಟ್ಟಿಯಲ್ಲಿ ಹತ್ತು ಜನರ ಎದುರು ಆಡಿದರೆ ಅದು ಮಾತು, ಮಂಡಿಯಲ್ಲಿ ತಮಾಷೆ. ಎಪ್ಪತ್ತು ವರ್ಷದವಳಿಗೆ ಅಷ್ಟು ಗೊತ್ತಿರಲಿಲ್ಲ. ನಿನ್ನನ್ನು ಕಿವಿ ಹೊತ್ತುಕೊಂಡು ಓಡುವ ಹಾಗೆ ಮಾಡಿದವಳು ನಾನೇ.

ಇನ್ನೊಂದು ಮಾತು, ಇದನ್ನು ಬರೆಯುವುದಕ್ಕೆ ಕೈ ಬರುತ್ತಿಲ್ಲ. ನಮ್ಮ ಕುರಿಯ ಕಟ್ಟಳೆ ಪ್ರಕಾರ ಕೂತು ನ್ಯಾಯ ಹೇಳಿದರೂ ನಷ್ಟ ನಿನಗೇ. ಮುಳ್ಳು ತೋರಿಸುತ್ತಿತ್ತು, ನೀನು ಮಲಗಿದ್ದೆ. ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಮಲಗಿದ್ದು ಎಂಜಿನ್ನಿನ ಎದುರಿಗೆ, ಅದಕ್ಕೆ ಎಂಜಿನ್ನು ಹೋಯಿತು. ಆ ಹೊತ್ತಿಗೆ ಎದುರಿಗೆ ಒಂದು ಬಸ್ಸು ಬಂದಿದ್ದರೆ? ರಸ್ತೆ ದಾಟುವವಳು ಒಬ್ಬಳು, ಬಸುರಿ, ಬಂದಿದ್ದರೆ? ಈಗ ದಿನಾ ನನ್ನ ಕಣ್ಣ ಮುಂದೆ ಅವಳು ರಸ್ತೆ ದಾಟುತ್ತಾಳೆ. ಅವಳಿಗೆ ವನಜಾಳ ಸೀರೆ.

ನಿಮ್ಮ ತಾತ ಚಳಿಜ್ವರ ಬಂದು ಸತ್ತ ಅಂತ ನಿನಗೆ ಹೇಳಿಕೊಂಡು ಬಂದಿದ್ದೇನೆ. ಜ್ವರ ಇರಲಿಲ್ಲ. ಖಾಲಿ ರೊಪ್ಪದಲ್ಲಿ ನಿಂತು ಎಣಿಸಿದ, ಒಂದು ಕಡಿಮೆ ಇದೆ ಅಂದ. ಕುರಿ ಕೊಟ್ಟು ಎರಡು ವರ್ಷ ಆಗಿತ್ತು. ಇಲ್ಲ ಕಣ್ರೀ, ಬನ್ನಿ ಅಂತ ಕೈ ಹಿಡಿದೆ. "ಬುಡೇ, ಸಾವ್ಕಾರಂಗೆ ಏನ್ ಹೇಳಾನ" ಅಂತ ಕೊಸರಿಕೊಂಡು ಹೋದ. ಹುಡುಕಿಕೊಂಡು ಹೋದವನು ಹೊಲದ ಬಾವಿಗೆ ಬಿದ್ದ. ನಾನು ಆ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿಯಬಹುದಿತ್ತು. ಆಗ ನನಗೆ ಮೂವತ್ತೆಂಟು, ಬಲ ಇತ್ತು. ಗಂಡಸು, ಅವನಿಗೆ ತಿಳಿದಿರುತ್ತದೆ ಅಂತ ಬಿಟ್ಟೆ.

ಈ ಸಲ ಬಿಡುವುದಿಲ್ಲ. ಲಾರಿಯನ್ನು ಹಗಲಲ್ಲಿ, ಮೆಲ್ಲಗೆ, ಆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂದು ಮಂಡಿಯಲ್ಲಿ ನಿಲ್ಲಿಸು. ಬೀಗದ ಕೈ ಇಡು. ನಿನ್ನ ಆರು ವರ್ಷದ ದುಡ್ಡು ಹೋಗಲಿ. ಹೋಗಲಿ ಅನ್ನುವುದಕ್ಕೆ ನನಗೂ ಹೊಟ್ಟೆ ಉರಿಯುತ್ತದೆ, ಆದರೂ ಹೋಗಲಿ. ಕಂಪನಿಯ ಬಾಗಿಲಿಗೆ ಹೋಗಿ ಆ ಮ್ಯಾನೇಜರು ಇನ್ನೂ ಹತ್ತು ಮಾತು ಅಂದರೂ ನಕ್ಕು ಗಾಡಿ ಹತ್ತು. ಬೈಸಿಕೊಂಡವರು ಸತ್ತಿದ್ದನ್ನು ನಾನು ನೋಡಿಲ್ಲ.

ಇದು ಬುದ್ಧಿಮಾತಲ್ಲ. ಹೆದರಿದವಳ ಕೂಗು ಅಂದುಕೋ. ಊಟ ಮಾಡಿ ಮಲಗು, ಎದ್ದಮೇಲೆ ಇನ್ನೊಂದು ಸಲ ಇದನ್ನು ಓದು.

ಕೈ ಹಿಡಿದಿರುವ,
ಅಜ್ಜಿ


ಹುಬ್ಬಳ್ಳಿ
12 ಜುಲೈ 1998

ಅಜ್ಜಿಗೂ ವನಜಾಳಿಗೂ,

ಬೀಗದ ಕೈ ಇಟ್ಟು ಹಟ್ಟಿಗೆ ಬಂದು ಒಂದು ವಾರ ಇದ್ದೆ. ಎದ್ದಾಗಲೆಲ್ಲ ನಿಮ್ಮಲ್ಲಿ ಯಾರೋ ಒಬ್ಬರು ಬಾಗಿಲಲ್ಲಿ ಕೂತು ನಾನು ಮಲಗಿದ್ದನ್ನೇ ನೋಡುತ್ತಿದ್ದಿರಿ.

ಕಂಪನಿಯಲ್ಲಿ ತಗೊಂಡರು. ಹಳೇ ಜಾಗ ಇಲ್ಲ, ಎರಡನೇ ಡ್ರೈವರು. ಸಂಬಳ ಆರು ವರ್ಷದ ಹಿಂದಿನದೇ. ಮ್ಯಾನೇಜರು, "ಬಾ ಸಾಹುಕಾರ, ಲಾರಿ ಮಾರಿ ಬಂದಿ ಏನು?" ಅಂದರು. ನಗಲಿಲ್ಲ, ಲೈಸೆನ್ಸು ತೆಗೆದು ಮೇಜಿನ ಮೇಲೆ ಇಟ್ಟೆ. ಆಮೇಲೆ ಅವರೇ ತಲೆ ತಗ್ಗಿಸಿ ಚೀಟಿ ಬರೆದರು.

ಹೆರಿಗೆಗೆ ರಜೆ ಕೇಳಿದೆ. ಹೊಸದಾಗಿ ಸೇರಿದವರಿಗೆ ಮೂರು ತಿಂಗಳು ರಜೆ ಇಲ್ಲವಂತೆ. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದೇ ಕೈಗೆ ಸಿಗಲಿಲ್ಲ. ವನಜಾ, ಬೈಯಬೇಕು ಅನ್ನಿಸಿದರೆ ಬೈದು ಬರಿ.

ಮೊನ್ನೆ ಕೊಲ್ಹಾಪುರದಿಂದ ಪುಣೆಯವರೆಗೆ ಹಿಂದಿನ ಹಲಗೆ ಮೇಲೆ ನಿದ್ದೆ ಮಾಡಿದೆ. ಘಾಟಿ ಹತ್ತಿದ್ದೂ ಇಳಿದಿದ್ದೂ ಗೊತ್ತಾಗಲಿಲ್ಲ.

ಚಿತ್ತೇಶ


ಗೊಲ್ಲರಹಟ್ಟಿ
20 ಜುಲೈ 1998

ಚಿತ್ತೇಶನಿಗೆ,

ಹದಿನಾರನೇ ತಾರೀಖು ಗುರುವಾರ ಮಧ್ಯಾಹ್ನ ಹೆಣ್ಣುಮಗು ಆಯಿತು. ಹುಳಿಯಾರಿನ ಆಸ್ಪತ್ರೆಯಲ್ಲಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬಣ್ಣ ನಿನ್ನದು, ಬಾಯಿ ನನ್ನದು, ಆಸ್ಪತ್ರೆಯವರೆಲ್ಲ ಎದ್ದು ನೋಡುವ ಹಾಗೆ ಅತ್ತಿತು.

ವನಜಾ ನೋವಿನಲ್ಲಿ ನಿನ್ನನ್ನು ಬೈದಳು. ಏನೇನು ಬೈದಳು ಅಂತ ಬರೆಯುವುದಿಲ್ಲ, ಅಷ್ಟು ಚೆನ್ನಾಗಿ ನನಗೂ ಬರುವುದಿಲ್ಲ. ಆಮೇಲೆ ನಿನ್ನ ಕಾಗದ ಓದು ಅಂದಳು. ಓದಿದೆ. ಹಲಗೆ ಮೇಲೆ ನಿದ್ದೆ ಮಾಡಿದೆ ಅನ್ನುವ ಕಡೆ ನಿಲ್ಲಿಸಿದಳು. ಇನ್ನೊಂದು ಸಲ ಓದಿಸಿದಳು. ಮಗುವನ್ನು ಪಕ್ಕಕ್ಕೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಒಂಬತ್ತು ತಿಂಗಳಲ್ಲಿ ಅವಳ ಗೊರಕೆ ಕೇಳಿದ್ದು ಅವತ್ತೇ.

ನಾನು ಮಲಗಲಿಲ್ಲ. ಮಂಚದ ಕಾಲಿಗೆ ಒರಗಿ ಕೂತು ಯೋಚನೆ ಮಾಡಿದೆ. ನೀನು ಹಿಂದೆ ಮಲಗಿದ್ದಾಗ ಮುಂದೆ ಓಡಿಸುವವನು ಇದ್ದಾನಲ್ಲ, ಅವನು ಯಾರು? ಹೆಸರೇನು, ಯಾವ ಊರು? ಎಷ್ಟು ವರ್ಷದವನು? ಅವನ ನಿದ್ದೆಯನ್ನು ಯಾರು ವಿಚಾರಿಸುತ್ತಾರೆ? ನೀನು ನನ್ನ ಮೊಮ್ಮಗ, ನಿನಗೆ ಬೈಯುವುದಕ್ಕೆ ನಾನಿದ್ದೇನೆ. ಅವನ ಮನೆಯಲ್ಲಿ ಕಾಗದ ಬರೆಯಬಲ್ಲ ಹೆಂಗಸು ಯಾರಾದರೂ ಇದ್ದಾಳೋ ಇಲ್ಲವೋ. ಇಲ್ಲದಿದ್ದರೂ ಓದಿಸಿಕೊಳ್ಳುವವರು ಇದ್ದೇ ಇರುತ್ತಾರೆ.

ಮಗುವಿಗೆ ಏನು ಹೆಸರು ಇಡೋಣ ಅಂತ ಬರಿ. ಅದಕ್ಕಿಂತ ಮುಂಚೆ ಅವನ ಮನೆ ವಿಳಾಸ ಕಳಿಸು. ಇವತ್ತೇ ಎರಡು ಇನ್‌ಲ್ಯಾಂಡ್ ಕಾಗದ ತಂದಿದ್ದೇನೆ. ಒಂದು ಇದು. ಇನ್ನೊಂದು ಖಾಲಿ ಇದೆ.

ಕ್ಯಾತಮ್ಮ